ಗಾಣದ ಎಣ್ಣೆಯ ಲೆಕ್ಕ: ಪ್ರಾಮಾಣಿಕ ವ್ಯಾಪಾರಕ್ಕೆ ಲಾಭ ಎಲ್ಲಿಂದ ಬರಬೇಕು?

ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳ ಬಡಾವಣೆಗಳಲ್ಲಿ ಈಚಿನ ವರ್ಷಗಳಲ್ಲಿ ಗಾಣದ ಎಣ್ಣೆಯ ಅಂಗಡಿಗಳು ಸಾಲಾಗಿ ತೆರೆದುಕೊಂಡಿವೆ. ಒಂದೇ ರಸ್ತೆಯ ಎರಡು ಅಂಗಡಿಗಳಲ್ಲಿ ಕಡಲೆಕಾಯಿ ಎಣ್ಣೆ ಒಂದು ಕಡೆ ಲೀಟರಿಗೆ ₹280ರ ಮೇಲೆ, ಇನ್ನೊಂದು ಕಡೆ ₹170ಕ್ಕೆ ಸಿಗುವುದುಂಟು. ಎರಡೂ ಬಾಟಲಿಗಳ ಮೇಲೆ ಮರದ ಗಾಣದ ಚಿತ್ರವಿರುತ್ತದೆ, 'ಶುದ್ಧ' ಎಂಬ ಮಾತಿರುತ್ತದೆ. ಮೊದಲನೆಯವರು ದುರಾಸೆಯವರು, ಎರಡನೆಯವರು ನ್ಯಾಯವಂತರು ಎಂದು ಗ್ರಾಹಕ ತೀರ್ಮಾನಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಆ ತೀರ್ಮಾನ ನಿಲ್ಲುವುದು ಕಷ್ಟ. ಪ್ರಾಮಾಣಿಕವಾಗಿ ವ್ಯಾಪಾರ ಮಾಡಿ ಲಾಭ ಗಳಿಸಲು ಸಾಧ್ಯವೇ ಎಂಬ ಹಳೆಯ ಪ್ರಶ್ನೆಯನ್ನು ನೀತಿಬೋಧೆಯಿಂದ ಬಿಡಿಸಿ ರೂಪಾಯಿ ಪೈಸೆಯಲ್ಲಿ ಪರೀಕ್ಷಿಸಲು ಈ ಸಣ್ಣ ಉದ್ಯಮದಷ್ಟು ಅನುಕೂಲವಾದ ಉದಾಹರಣೆ ಬೇರೆ ಸಿಗಲಾರದು, ಏಕೆಂದರೆ ಇಲ್ಲಿ ಕಚ್ಚಾ ಮಾಲು ಒಂದೇ, ಯಂತ್ರ ಒಂದೇ, ಮೋಸದ ದಾರಿಯೂ ಹೆಚ್ಚುಕಡಿಮೆ ಒಂದೇ.

ಮೊದಲು ಅಸಲಿನ ಲೆಕ್ಕ. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ಕಡಲೆಕಾಯಿಗೆ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ ₹7,263, ಅಂದರೆ ಸಿಪ್ಪೆಸಮೇತ ಕಾಯಿ ಕೆ.ಜಿ.ಗೆ ಸುಮಾರು ₹73. ನೂರು ಕೆ.ಜಿ. ಕಾಯಿ ಸುಲಿದರೆ 68ರಿಂದ 70 ಕೆ.ಜಿ. ಬೀಜ ದೊರೆಯುತ್ತದೆ. ಸುಲಿಯುವ, ಆರಿಸುವ, ಸಾಗಿಸುವ ಖರ್ಚು ಸೇರಿಸಿದರೆ ಬೀಜದ ಅಸಲು ಕೆ.ಜಿ.ಗೆ ₹110ರ ಹತ್ತಿರ ಬಂದು ನಿಲ್ಲುತ್ತದೆ. ಕಡಲೆಬೀಜದಲ್ಲಿ ಎಣ್ಣೆಯ ಅಂಶ ಶೇ 45ರಿಂದ 48ರಷ್ಟಿದ್ದರೂ ನಿಧಾನವಾಗಿ ತಿರುಗುವ ಗಾಣ ಅದನ್ನೆಲ್ಲ ಹಿಂಡಿ ತೆಗೆಯಲಾರದು. ಶೇ 40ರಷ್ಟು ಕೈಗೆ ಬಂದರೆ ಒಳ್ಳೆಯ ಗಾಣವೇ ಸರಿ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಹೀಗಾಗಿ ಒಂದು ಲೀಟರಿಗೆ ಸುಮಾರು 2.27 ಕೆ.ಜಿ. ಬೀಜ, ಅಂದರೆ ₹250ರ ಬೀಜ ಬೇಕು. ಉಳಿಯುವ 1.3 ಕೆ.ಜಿ. ಹಿಂಡಿಯನ್ನು ಹಸು ಸಾಕುವವರಿಗೆ ಕೆ.ಜಿ.ಗೆ ₹40ರಂತೆ ಮಾರಿದರೆ ₹52 ಮರಳಿ ಬರುತ್ತದೆ. ನಿವ್ವಳ ₹198. ಬಾಟಲಿ, ಮುಚ್ಚಳ, ಚೀಟಿಗೆ ₹12 ಸೇರಿಸಿದರೆ ₹210. ಹಿಂಡಿಯ ದರವೂ ಬೀಜದ ದರವೂ ಊರಿಗೂ ಹಂಗಾಮಿಗೂ ತಕ್ಕಂತೆ ಏರಿಳಿಯುವುದರಿಂದ ಈ ಅಂಕಿಗಳನ್ನು ಎಲ್ಲ ಕಾಲಕ್ಕೂ ಸಲ್ಲುವ ಸತ್ಯವೆಂದು ಹಿಡಿಯಬೇಕಾಗಿಲ್ಲ, ಆದರೆ ಲೆಕ್ಕದ ದಾರಿ ಬದಲಾಗುವುದಿಲ್ಲ.

ಈ ₹210ರಲ್ಲಿ ಮಳಿಗೆಯ ಬಾಡಿಗೆ, ಕೆಲಸದವರ ಸಂಬಳ, ವಿದ್ಯುತ್ತು, ಸಾಲದ ಕಂತು ಯಾವುದೂ ಸೇರಿಲ್ಲ. ಲೀಟರಿಗೆ ₹60 ಇಟ್ಟುಕೊಂಡು ₹270ಕ್ಕೆ ಮಾರಿ, ಅದರ ಮೇಲೆ ಶೇ 5ರ ಜಿಎಸ್‌ಟಿ ಹಾಕಿದರೆ ಗ್ರಾಹಕ ಕೊಡುವ ಬೆಲೆ ₹283 ದಾಟುತ್ತದೆ. ಹಾಗಿದ್ದರೆ ₹170ರ ಬಾಟಲಿ ಎಲ್ಲಿಂದ ಬಂತು? ಸಂದೇಹದ ಲಾಭವನ್ನು ಮಾರುವವರಿಗೇ ಕೊಟ್ಟು ನೋಡೋಣ. ಸುಗ್ಗಿಯಲ್ಲಿ ಆವಕ ಹೆಚ್ಚಿ ಕಾಯಿಯ ಬೆಲೆ ಕೆ.ಜಿ.ಗೆ ₹55ಕ್ಕೆ ಕುಸಿಯಿತು, ಅಂಗಡಿಯವರು ಆಗಲೇ ವರ್ಷಕ್ಕಾಗುವಷ್ಟು ಕೊಂಡು ಕೂಡಿಟ್ಟರು ಎಂದುಕೊಂಡರೂ ಲೀಟರಿನ ಅಸಲು ₹150ಕ್ಕಿಂತ ಕೆಳಗಿಳಿಯುವುದಿಲ್ಲ. ತೆರಿಗೆಯನ್ನೂ ಈ ಅಸಲನ್ನೂ ಕಳೆದರೆ ₹170ರಲ್ಲಿ ಅವರಿಗೆ ಉಳಿಯುವುದು ಸುಮಾರು ಹನ್ನೆರಡು ರೂಪಾಯಿ. ಹನ್ನೆರಡು ರೂಪಾಯಿಯಲ್ಲಿ ನಗರದ ಮಳಿಗೆಯ ಬಾಡಿಗೆ ಕಟ್ಟಿದವರು ಯಾರೂ ಇರಲಾರರು. ಆದ್ದರಿಂದ ಬಾಟಲಿಯೊಳಗೆ ಕಡಲೆಕಾಯಿ ಎಣ್ಣೆಯಲ್ಲದ ಇನ್ನೇನೋ ಇದೆ, ಇಲ್ಲವೇ ಗಾಣದ ಹೆಸರಿನಲ್ಲಿ ಮಿಲ್ಲಿನ ಎಣ್ಣೆ ಇದೆ ಎಂದು ಊಹಿಸಲು ಸಾಕಷ್ಟು ಕಾರಣವಿದೆ.

ಆ 'ಇನ್ನೇನೋ' ಸಾಮಾನ್ಯವಾಗಿ ಪಾಮೋಲಿನ್, ಅಂದರೆ ತಾಳೆ ಎಣ್ಣೆಯ ತಿಳಿಭಾಗ. ಭಾರತ ತಾನು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾ ಮತ್ತು ಮಲೇಷ್ಯಾದ ತಾಳೆ ಎಣ್ಣೆಯದು. 1986ರಲ್ಲಿ ಆರಂಭವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನಿಂದಾಗಿ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು, ಮುಂದಿನ ನಾಲ್ಕು ವರ್ಷಗಳಲ್ಲಿ ಅದರ ಮೇಲಿನ ಸುಂಕ ಶೇ 65ರಿಂದ ಶೇ 15ಕ್ಕೆ ಇಳಿಯಿತು. ಎಣ್ಣೆಯ ಊರೆಂದೇ ಹೆಸರಾಗಿದ್ದ ಚಳ್ಳಕೆರೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದರಲ್ಲಿ ಈ ಬೆಲೆಯ ಅಂತರದ ಪಾತ್ರ ಸಣ್ಣದಲ್ಲ. ಸುಂಕದ ಏರಿಳಿತ ಇಂದಿಗೂ ಸಣ್ಣ ಗಾಣದವರ ಪ್ರಾಮಾಣಿಕತೆಯನ್ನು ಪರೀಕ್ಷಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಸುಂಕ ಶೇ 27.5ಕ್ಕೆ ಏರಿತು, 2025ರ ಮೇ ಕೊನೆಯಲ್ಲಿ ಶೇ 16.5ಕ್ಕೆ ಇಳಿಯಿತು. ದೆಹಲಿಯಲ್ಲಿ ಹೊರಡುವ ಇಂಥ ಒಂದು ಅಧಿಸೂಚನೆಯಿಂದ ಶಿರಾ, ಪಾವಗಡದ ಕಡಲೆಕಾಯಿಗೂ ಬಂದರಿನಲ್ಲಿಳಿಯುವ ತಾಳೆ ಎಣ್ಣೆಗೂ ನಡುವಿನ ಅಂತರ ರಾತ್ರೋರಾತ್ರಿ ಹಿಗ್ಗಿದರೆ ಬೆರಕೆಯ ಲಾಭವೂ ಅಷ್ಟೇ ಹಿಗ್ಗುತ್ತದೆ.

ಆ ಲಾಭ ಎಷ್ಟೆಂದು ತಿಳಿಯಲು ಒಂದು ಮಾದರಿ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಬಾಡಿಗೆ, ಇಬ್ಬರ ಸಂಬಳ, ವಿದ್ಯುತ್ತು, ಬ್ಯಾಂಕಿನ ಕಂತು ಸೇರಿ ತಿಂಗಳಿಗೆ ₹70,000 ಖರ್ಚು. ಮಾಲೀಕರ ಮನೆ ನಡೆಯಲು ₹40,000. ಲೀಟರಿಗೆ ₹60ರಂತೆ ಈ ₹1,10,000 ಹುಟ್ಟಬೇಕಾದರೆ ತಿಂಗಳಿಗೆ ಸುಮಾರು 1,830 ಲೀಟರ್ ಮಾರಾಟವಾಗಬೇಕು. ಇದೇ ಅಂಗಡಿಯವರು ಶೇ 30ರಷ್ಟು ಪಾಮೋಲಿನ್ ಬೆರೆಸಿದರೆ, ಅದರ ಬೆಲೆ ಲೀಟರಿಗೆ ₹120 ಎಂದಿಟ್ಟುಕೊಂಡರೂ, ಪ್ರತಿ ಲೀಟರಿನಲ್ಲಿ ₹23 ಹೆಚ್ಚುವರಿ ಉಳಿಯುತ್ತದೆ. ತಿಂಗಳಿಗೆ ₹42,000. ಪ್ರಾಮಾಣಿಕ ಮಾಲೀಕರು ತಿಂಗಳೆಲ್ಲ ದುಡಿದು ಮನೆಗೆ ಒಯ್ಯುವ ಪೂರ್ತಿ ಆದಾಯಕ್ಕಿಂತ ಹೆಚ್ಚಿನ ಮೊತ್ತವನ್ನು ಬೆರಕೆಯವರು ಏನೂ ಮಾಡದೆ, ಒಂದು ಡಬ್ಬಿ ಸುರಿದು ಗಳಿಸುತ್ತಾರೆ. 'ಪ್ರಾಮಾಣಿಕರಾಗಿದ್ದರೆ ದೀರ್ಘಕಾಲದಲ್ಲಿ ಲಾಭ ತಾನಾಗಿ ಬರುತ್ತದೆ' ಎಂದು ಉಪದೇಶಿಸುವವರು ಈ ಮೊತ್ತವನ್ನು ಒಮ್ಮೆ ಎದುರಿಗಿಟ್ಟುಕೊಂಡು ಮಾತನಾಡಬೇಕು. ಬೆರೆಸದಿರುವುದಕ್ಕೆ ನಿಜವಾದ ಬೆಲೆಯಿದೆ, ಆ ಬೆಲೆಯನ್ನು ಪ್ರತಿ ತಿಂಗಳೂ ತೆರಬೇಕು.

ಇದಕ್ಕಿಂತಲೂ ತೊಡಕಿನ ಸಂಗತಿಯೆಂದರೆ ಕೊಳ್ಳುವವರಿಗೆ ಎರಡು ಎಣ್ಣೆಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟುವುದನ್ನು ನೋಡಿ ಎಂಬಂಥ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತವೆ. ಅಪ್ಪಟ ಕಡಲೆಕಾಯಿ ಎಣ್ಣೆಯೂ ಚಳಿಗೆ ಮಂದವಾಗುವುದರಿಂದ ಆ ಪರೀಕ್ಷೆಗೆ ಅರ್ಥವಿಲ್ಲ. ಪ್ರಯೋಗಾಲಯದಲ್ಲಿ ಕೊಬ್ಬಿನಾಮ್ಲಗಳ ಪ್ರಮಾಣವನ್ನು ಅಳೆದು, ಅಥವಾ ಎಣ್ಣೆ ಯಾವ ಉಷ್ಣತೆಯಲ್ಲಿ ಕದಡುತ್ತದೆಂದು ನೋಡುವ ಬೆಲಿಯರ್ ಪರೀಕ್ಷೆ ನಡೆಸಿ ಬೆರಕೆಯನ್ನು ಹಿಡಿಯಬಹುದು, ಅಂಗಡಿಯ ಮುಂದೆ ನಿಂತು ಹಿಡಿಯಲಾಗದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ವಿವರಿಸಿದ್ದು ಈ ಸ್ಥಿತಿಯನ್ನೇ. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದುದಕ್ಕೆ ಈ ವಿಚಾರವೇ ಮುಖ್ಯ ಕಾರಣ. ಒಳ್ಳೆಯ ಮಾಲೂ ಕೆಟ್ಟ ಮಾಲೂ ಒಂದೇ ತರಹ ಕಂಡಾಗ ಕೊಳ್ಳುವವರು ಎರಡರ ನಡುವಿನ ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾರೆ. ಆ ಬೆಲೆ ಒಳ್ಳೆಯ ಮಾಲಿನವರಿಗೆ ಗಿಟ್ಟುವುದಿಲ್ಲ, ಅವರು ಅಂಗಡಿ ಮುಚ್ಚುತ್ತಾರೆ. ಉಳಿದ ಮಾಲಿನ ಗುಣಮಟ್ಟ ಇನ್ನಷ್ಟು ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ, ಮಧ್ಯಮ ದರ್ಜೆಯವರೂ ಜಾಗ ಖಾಲಿ ಮಾಡುತ್ತಾರೆ.

ಹೀಗೆ ನೋಡಿದರೆ ಪ್ರಾಮಾಣಿಕ ವ್ಯಾಪಾರಿಯ ಲಾಭ ಅವರ ಸ್ವಭಾವಕ್ಕಿಂತ ಹೆಚ್ಚಾಗಿ, ಅವರ ಮಾಲಿನ ಗುಣವನ್ನು ಕೊಳ್ಳುವವರು ಕಡಿಮೆ ಖರ್ಚಿನಲ್ಲಿ ತಾಳೆನೋಡಬಲ್ಲರೇ ಎಂಬುದನ್ನು ಅವಲಂಬಿಸಿದೆ. ಚಿನ್ನದ ವ್ಯಾಪಾರವನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 22 ಕ್ಯಾರೆಟ್ ಎಂದು ಹೇಳಿ ಅದಕ್ಕಿಂತ ಕಡಿಮೆ ಶುದ್ಧತೆಯ ಒಡವೆ ಮಾರುವುದು ಅನೇಕ ಕಡೆ ನಡೆದುಕೊಂಡೇ ಬಂದಿತ್ತು. ಶುದ್ಧತೆಯಲ್ಲಿ ಸರಿಯಿದ್ದವರು ಕೂಡ 'ನಮ್ಮದು ನಂಬಿಕೆಯ ಅಂಗಡಿ' ಎಂಬ ಮಾತಿನ ಮೇಲೇ ವ್ಯಾಪಾರ ನಡೆಸಬೇಕಾಗಿತ್ತು. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಯ ಮೇಲೆ ಆರು ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ ಎಂದಾಯಿತು. ಆ ಸಂಖ್ಯೆಯನ್ನು ಗ್ರಾಹಕರು ತಮ್ಮ ಮೊಬೈಲಿನಲ್ಲೇ ಪರಿಶೀಲಿಸಬಹುದು. ಒಂದು ಒಡವೆಗೆ ತಗಲುವ ಶುಲ್ಕ ಐವತ್ತು ರೂಪಾಯಿಯ ಆಸುಪಾಸು. ಸಾವಿರಾರು ರೂಪಾಯಿಯ ವಸ್ತುವಿನ ಮೇಲೆ ಇಷ್ಟು ಅಲ್ಪ ಖರ್ಚಿನಲ್ಲಿ ಅನುಮಾನ ನೀಗಿದಾಗ ಸಾಚಾ ಅಕ್ಕಸಾಲಿಗರು ಯಾರನ್ನೂ ಒಲಿಸಿಕೊಳ್ಳಬೇಕಾಗಿಲ್ಲ.

ಹಾಲಿನ ವಿಷಯದಲ್ಲಿ ಇಂಥ ವ್ಯವಸ್ಥೆ ಇನ್ನೂ ಹಳೆಯದು. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ಜಿಡ್ಡಿನ ಅಂಶ ಮತ್ತು ಇತರ ಘನಾಂಶವನ್ನು ಅಳೆದು ಹಣ ಕೊಡುವುದರಿಂದ ನೀರು ಬೆರೆಸಿದವರಿಗೆ ಅದೇ ಹೊತ್ತಿನಲ್ಲಿ ಕಡಿಮೆ ಹಣ ಸಿಗುತ್ತದೆ. ಇಲ್ಲಿ ರೈತರ ಒಳ್ಳೆಯತನದ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅದೇ ಹಾಲಿನಿಂದ ತೆಗೆದ ತುಪ್ಪ ಟೆಂಡರಿನ ಜಗತ್ತಿಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ತಿರುಮಲದ ಲಡ್ಡು ತುಪ್ಪದ ಪ್ರಕರಣ ಸಾಕ್ಷಿ. ತೀರಾ ಕಡಿಮೆ ದರಕ್ಕೆ ತುಪ್ಪ ಒದಗಿಸಲಾಗದು ಎಂದು 2023ರಲ್ಲಿ ಕೆಎಂಎಫ್ ಹಿಂದೆ ಸರಿಯಿತು, ಬೇರೆಯವರಿಂದ ಕೆ.ಜಿ.ಗೆ ₹320ರ ಆಸುಪಾಸಿನ ದರದಲ್ಲಿ ಖರೀದಿ ನಡೆಯಿತು. 2024ರಲ್ಲಿ ಕಲಬೆರಕೆಯ ಆರೋಪ ಎದ್ದು, ಸುಪ್ರೀಂ ಕೋರ್ಟಿನ ಆದೇಶದಂತೆ ವಿಶೇಷ ತಂಡದ ತನಿಖೆಯಾಯಿತು. ನಂದಿನಿ ತುಪ್ಪ ಮತ್ತೆ ತಿರುಮಲಕ್ಕೆ ಹೋಗತೊಡಗಿತು. ಯಾರು ತಪ್ಪಿತಸ್ಥರೆಂಬುದನ್ನು ನ್ಯಾಯಾಲಯ ಹೇಳಬೇಕು. ಅತಿ ಕಡಿಮೆ ದರ ಹಾಕಿದವರಿಗೇ ಕೆಲಸ ಎಂಬ ನಿಯಮವನ್ನು, ಗುಣಮಟ್ಟವನ್ನು ಬಾಗಿಲಲ್ಲೇ ಅಳೆಯುವ ಏರ್ಪಾಡಿಲ್ಲದೆ ಇಟ್ಟುಕೊಂಡರೆ ಅಸಲಿಗಿಂತ ಕೆಳಗೆ ಮಾರಲೊಪ್ಪದ ಸಂಸ್ಥೆ ಮೊದಲ ಸುತ್ತಿನಲ್ಲೇ ಹೊರಬೀಳುತ್ತದೆ ಎಂಬುದಕ್ಕಂತೂ ತೀರ್ಪಿನವರೆಗೆ ಕಾಯಬೇಕಾಗಿಲ್ಲ.

ಬೆಂಗಳೂರಿನವರಿಗೆ ಇಂಥದೇ ಇನ್ನೊಂದು ಕಥೆ ಗೊತ್ತು. 1924ರಲ್ಲಿ ಆರಂಭವಾದ ಎಂಟಿಆರ್, ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳಿಗೆ ಸರ್ಕಾರ ತೀರಾ ಕಡಿಮೆ ಬೆಲೆ ನಿಗದಿಪಡಿಸಿದಾಗ ಇಕ್ಕಟ್ಟಿಗೆ ಸಿಕ್ಕಿತು. ಆ ಬೆಲೆಯಲ್ಲಿ ತನ್ನ ಗುಣಮಟ್ಟ ಉಳಿಸಿಕೊಳ್ಳುವುದು ಸಾಧ್ಯವಾಗದೆ ಹೋಟೆಲನ್ನು ಮುಚ್ಚಿ, ಪುಡಿ ಮತ್ತು ದಿಢೀರ್ ತಿಂಡಿಯ ಮಿಶ್ರಣಗಳ ಕಡೆಗೆ ಹೊರಳಿತು. ಹೋಟೆಲು ಮುಂದೆ ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ಈ ಕಥೆಯನ್ನು ಪ್ರಾಮಾಣಿಕತೆಗೆ ಸಿಕ್ಕ ಪ್ರತಿಫಲವೆಂದು ಹೇಳುವ ರೂಢಿಯಿದೆ. ನನಗೆ ಅದರಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ: ಬೆಲೆ ತನ್ನ ಕೈಯಲ್ಲಿಲ್ಲದ ವ್ಯಾಪಾರದಿಂದ ಎದ್ದು, ಬೆಲೆಯನ್ನು ತಾನೇ ಹೇಳಬಹುದಾದ ವ್ಯಾಪಾರಕ್ಕೆ ಅದು ದಾಟಿಕೊಂಡಿತು. ದಾಟಲು ಬೇಕಾದ ಹೆಸರು, ಬಂಡವಾಳ, ಕೈಕೆಲಸ ಅವರಲ್ಲಿತ್ತು. ಎಲ್ಲರಲ್ಲೂ ಇರುವುದಿಲ್ಲ.

ಗಾಣದವರಿಗೆ ಇರುವ ದಾರಿಗಳಾವುವು? ಅತ್ಯಂತ ಹಳೆಯ ದಾರಿಯೇ ಅತ್ಯಂತ ಗಟ್ಟಿಯಾದದ್ದು ಎಂದು ತೋರುತ್ತದೆ. ಹಿಂದೆ ಹಳ್ಳಿಗಳಲ್ಲಿ ಕಾಳನ್ನು ಮನೆಯವರೇ ಒಯ್ಯುತ್ತಿದ್ದರು. ಗಾಣದವರು ಹಿಂಡಿಕೊಟ್ಟು ಕೂಲಿಯನ್ನೋ ಹಿಂಡಿಯನ್ನೋ ಇಟ್ಟುಕೊಳ್ಳುತ್ತಿದ್ದರು. ಕಾಳು ಯಾರದೋ ಎಣ್ಣೆ ಅವರದೇ ಆದ್ದರಿಂದ ಬೆರಕೆಯ ಅನುಮಾನಕ್ಕೆ ಎಡೆ ಕಡಿಮೆ. ಇಂದಿನ ನಗರದ ಗಾಣದಲ್ಲೂ ಈ ಪದ್ಧತಿಯನ್ನು ನಡೆಸಬಹುದು, ಕೆಲವರು ನಡೆಸುತ್ತಲೂ ಇದ್ದಾರೆ. ಕೆ.ಜಿ. ಬೀಜಕ್ಕೆ ₹20 ಕೂಲಿ ಎಂದರೆ ಒಂದು ಲೀಟರ್ ಎಣ್ಣೆಗೆ ಬೇಕಾಗುವ ಬೀಜದ ಮೇಲೆ ₹45 ಸಿಗುತ್ತದೆ. ಮಾರಾಟದಲ್ಲಿ ಸಿಗುವ ₹60ಕ್ಕಿಂತ ಇದು ಕಡಿಮೆಯೆಂದು ಕಂಡರೂ ಇದರಲ್ಲಿ ಬೀಜಕ್ಕೆ ಹೂಡುವ ಬಂಡವಾಳವಿಲ್ಲ, ಅದರ ಬಡ್ಡಿಯಿಲ್ಲ, ಬಾಟಲಿಯಿಲ್ಲ, ಬೀಜದ ಬೆಲೆ ಏಕಾಏಕಿ ಇಳಿದರೆ ಆಗುವ ನಷ್ಟವಿಲ್ಲ. ಅರ್ಧ ವ್ಯಾಪಾರವನ್ನು ಕೂಲಿಯ ಮೇಲೆ, ಅರ್ಧವನ್ನು ಮಾರಾಟದ ಮೇಲೆ ನಡೆಸುವ ಅಂಗಡಿ ಬೆಲೆಯ ಹೊಡೆತವನ್ನು ಹೆಚ್ಚು ಕಾಲ ತಡೆದುಕೊಳ್ಳಬಲ್ಲದು. ತೊಂದರೆಯೆಂದರೆ ನಗರದಲ್ಲಿ ಹತ್ತು ಕೆ.ಜಿ. ಬೀಜ ಕೊಂಡು ತಂದು ಸರದಿಗೆ ಕಾಯುವಷ್ಟು ಪುರುಸೊತ್ತು ಇರುವ ಮನೆಗಳು ಕಡಿಮೆ.

ಎರಡನೆಯದು ಗಿರಾಕಿಗಳ ಸಂಖ್ಯೆಯ ಲೆಕ್ಕ. ದೇಶದಲ್ಲಿ ಒಬ್ಬರು ವರ್ಷಕ್ಕೆ ಬಳಸುವ ಅಡುಗೆ ಎಣ್ಣೆ ಸುಮಾರು 19ರಿಂದ 20 ಕೆ.ಜಿ. ಎಂದು ಸರ್ಕಾರಿ ಅಂದಾಜುಗಳು ಹೇಳುತ್ತವೆ. ನಾಲ್ವರ ಮನೆಗೆ ತಿಂಗಳಿಗೆ ಸುಮಾರು ಏಳು ಲೀಟರ್. ಅದರಲ್ಲಿ ಅರ್ಧವನ್ನು ಗಾಣದಿಂದ ಕೊಂಡರೆ ನಮ್ಮ ಮಾದರಿ ಅಂಗಡಿಗೆ ಸುಮಾರು 500 ಮನೆಗಳು ಬೇಕು. ಐದು ಸಾವಿರ ಬೇಡ, ಐನೂರು ಸಾಕು. ಆದರೆ ಆ ಐನೂರೂ ತಿಂಗಳು ತಿಂಗಳು ತಪ್ಪದೆ ಬರಬೇಕು. ಒಮ್ಮೆ ಬಂದು ಹೋಗುವ ಗಿರಾಕಿಗಳನ್ನು ನೆಚ್ಚಿದ ಅಂಗಡಿಗೆ, ಉದಾಹರಣೆಗೆ ಹೆದ್ದಾರಿಯ ಬದಿಯ ಮಳಿಗೆಗೆ, ಬೆರೆಸದಿರುವುದರಿಂದ ಹಣದ ರೂಪದಲ್ಲಿ ಏನೂ ಮರಳಿ ಬರುವುದಿಲ್ಲ. ಸುತ್ತಲ ನಾಲ್ಕು ಬೀದಿಗಳನ್ನು ನೆಚ್ಚಿದವರಿಗೆ ಬರುತ್ತದೆ, ಏಕೆಂದರೆ ಅಲ್ಲಿ ಒಂದು ಮನೆಯ ಅತೃಪ್ತಿ ವಾರದೊಳಗೆ ಹತ್ತು ಮನೆಗೆ ತಲುಪುತ್ತದೆ. ಸೂಪರ್ ಮಾರ್ಕೆಟ್ಟಿನ ಅಟ್ಟಣಿಗೆಗೆ ಸರಕು ಒದಗಿಸಲು ಹೊರಟ ಗಾಣದವರು ದೊಡ್ಡ ಕಮಿಷನ್ನು ಕೊಟ್ಟು, ತಿಂಗಳುಗಟ್ಟಲೆ ಹಣಕ್ಕೆ ಕಾದು, ಕೊನೆಗೆ ಹೆಸರೂ ಸಿಗದೆ ಕೈಸುಟ್ಟುಕೊಳ್ಳುವುದು ಹೆಚ್ಚು. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಎಂದು 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯೇ ಹೇಳುತ್ತದೆ. 2024ರ ಏಪ್ರಿಲ್‌ನಿಂದ, ಹಾಗೆ ತಡಮಾಡಿದ ಹಣವನ್ನು ಕೊಡುವವರೆಗೆ ಖರ್ಚಾಗಿ ತೋರಿಸಿ ಆದಾಯ ತೆರಿಗೆ ಉಳಿಸಿಕೊಳ್ಳುವಂತೆಯೂ ಇಲ್ಲ. ಆದರೂ ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯದಿಂದ ಬಡ್ಡಿ ಕೇಳುವವರು ಅಪರೂಪ. ನೇರವಾಗಿ, ನಗದಿಗೆ, ಹತ್ತಿರದಲ್ಲಿ ಮಾರುವುದು ಗಾಣದವರಿಗೆ ಆದರ್ಶ ಎನ್ನುವುದಕ್ಕಿಂತ ಅನಿವಾರ್ಯ.

ತೆರಿಗೆಯ ವಿಷಯ ಬಂದಾಗ ಅನೇಕ ಸಾಚಾ ವ್ಯಾಪಾರಿಗಳೂ ತಡವರಿಸುತ್ತಾರೆ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಬೀಡಾ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಅಂಟಿಕೊಂಡವು. ತೆರಿಗೆಯೇ ಇಲ್ಲದ ತಾಜಾ ತರಕಾರಿ ಮಾರುವ ಹಾವೇರಿಯ ವ್ಯಾಪಾರಿಯೊಬ್ಬರಿಗೂ ₹29 ಲಕ್ಷದ ನೋಟಿಸ್ ಹೋದದ್ದು ಸುದ್ದಿಯಾಯಿತು. ಕೊನೆಗೆ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು. ಇಲಾಖೆ ಎಡವಿದ್ದು ನಿಜ. ಆದರೆ ನಮ್ಮ ಮಾದರಿ ಗಾಣದ ಅಂಗಡಿಯ ಲೆಕ್ಕ ನೋಡಿ: ಎಣ್ಣೆ ಮತ್ತು ಹಿಂಡಿ ಸೇರಿ ಅದರ ವಾರ್ಷಿಕ ವಹಿವಾಟು ₹70 ಲಕ್ಷ ದಾಟುತ್ತದೆ, ಸರಕು ಮಾರುವವರಿಗಿರುವ ₹40 ಲಕ್ಷದ ಮಿತಿಯನ್ನು ಅದು ಎಂದೋ ಮೀರಿದೆ. ಮಾಲೀಕರ ಬಳಿ ಎರಡು ದಾರಿಗಳಿವೆ. ಹೆಂಡತಿಯ ಹೆಸರಿನಲ್ಲೊಂದು, ಮಗನ ಹೆಸರಿನಲ್ಲೊಂದು ಕ್ಯೂಆರ್ ಕೋಡ್ ಇಟ್ಟು ವಹಿವಾಟನ್ನು ಹರಿದು ಹಂಚಬಹುದು. ಇಲ್ಲವೇ ₹1.5 ಕೋಟಿವರೆಗಿನವರಿಗೆ ಇರುವ ರಾಜಿ ತೆರಿಗೆ ಪದ್ಧತಿಗೆ ಸೇರಿ ವಹಿವಾಟಿನ ಶೇ 1ರಷ್ಟು ಕಟ್ಟಬಹುದು. ಎರಡನೆಯದಕ್ಕೆ ತಗಲುವುದು ತಿಂಗಳಿಗೆ ₹6,000ದ ಆಸುಪಾಸು. ಆ ಪದ್ಧತಿಯಲ್ಲಿ ಗ್ರಾಹಕರಿಂದ ತೆರಿಗೆಯನ್ನು ಬೇರೆಯಾಗಿ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಬಾಟಲಿಯ ಮೇಲೆ ಕೊಟ್ಟ ತೆರಿಗೆಯೂ ಮರಳಿ ಬಾರದು. ಅಷ್ಟಾದರೂ ಶೇ 5ರ ಬದಲು ಶೇ 1 ಕಟ್ಟುವುದರಿಂದ ₹283ರ ಎಣ್ಣೆಯನ್ನು ₹273ಕ್ಕೆ ಇಳಿಸಲು ಸಾಧ್ಯವಾಗುತ್ತದೆ. ನೋಟಿಸಿನ ಭಯವಿಲ್ಲದ ನಿದ್ರೆಗೆ ಬೆಲೆ ಕಟ್ಟದೆಯೂ ಈ ಲೆಕ್ಕ ಸರಿಹೊಂದುತ್ತದೆ. ಇದನ್ನು ಕೂತು ವಿವರಿಸುವ ಕೆಲಸವನ್ನು ಇಲಾಖೆ ನೋಟಿಸಿಗಿಂತ ಮೊದಲೇ ಮಾಡಬಹುದಾಗಿತ್ತು.

ನಿಯಮಗಳ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. 1998ರಲ್ಲಿ ದೆಹಲಿಯಲ್ಲಿ ದತ್ತೂರಿ (ಆರ್ಜಿಮೋನ್) ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಅರವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಅಡುಗೆ ಎಣ್ಣೆಯನ್ನು ಪೊಟ್ಟಣದಲ್ಲೇ ಮಾರಬೇಕೆಂಬ ಆದೇಶ ಬಂತು. ಜೀವ ಉಳಿಸುವ ಉದ್ದೇಶದ ಆ ಆದೇಶದಿಂದ ಮನೆಯ ಪಾತ್ರೆಗೆ ಎಣ್ಣೆ ಅಳೆದು ಕೊಡುತ್ತಿದ್ದ ಸಣ್ಣ ಗಾಣಗಳು ಬಾಟಲಿ, ಚೀಟಿ, ಪರವಾನಗಿಯ ಖರ್ಚಿಗೆ ಸಿಕ್ಕವು, ಪ್ಯಾಕಿಂಗ್ ಯಂತ್ರವಿದ್ದ ದೊಡ್ಡವರಿಗೆ ಅನುಕೂಲವಾಯಿತು. ಅದೇ ದೊಡ್ಡವರ ನಡುವೆ ಅಳತೆಯ ಆಟ ಬೇರೆಯೇ ನಡೆಯಿತು: ಹೆಚ್ಚಿನ ಉಷ್ಣತೆಯಲ್ಲಿ ಹಿಗ್ಗಿದ ಎಣ್ಣೆಯ ಅಳತೆಯನ್ನು ಪೊಟ್ಟಣದ ಮೇಲೆ ಮುದ್ರಿಸಿದರೆ ಲೀಟರಿನಲ್ಲಿ ತೂಕ ಕಡಿಮೆ ಇರುತ್ತದೆ. ಉಷ್ಣತೆಯ ಉಲ್ಲೇಖ ತೆಗೆದು, ಲೀಟರಿನ ಜೊತೆಗೆ ತೂಕವನ್ನೂ ನಮೂದಿಸಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ಸೂಚಿಸಬೇಕಾಯಿತು. ಗಾಣದವರು ಕೆ.ಜಿ. ಲೆಕ್ಕದಲ್ಲಿ ಬೆಲೆ ಬರೆದರೆ ಈ ಗೊಂದಲದಿಂದ ದೂರ ಉಳಿಯಬಹುದು.

ಇಷ್ಟು ಹೊತ್ತು ಬೆರಕೆಯವರನ್ನೇ ದೂರಿದ್ದಾಯಿತು. ಬೆರೆಸದ ಗಾಣದವರಲ್ಲೂ ಕೆಲವರು ಇನ್ನೊಂದು ಬಗೆಯ ಅಪ್ರಾಮಾಣಿಕತೆಗೆ ಬಿದ್ದಿದ್ದಾರೆ. ಎಣ್ಣೆ ಅಪ್ಪಟವೇ ಇರುತ್ತದೆ, ಗೋಡೆಯ ಮೇಲಿನ ಬರಹ ಸುಳ್ಳಾಗಿರುತ್ತದೆ. ರಿಫೈನ್ಡ್ ಎಣ್ಣೆ ವಿಷ, ಗಾಣದ ಎಣ್ಣೆ ಕುಡಿದರೆ ಮಂಡಿನೋವು ಮಾಯ, ಕೊಲೆಸ್ಟರಾಲ್ ಕರಗುತ್ತದೆ ಎಂಬಂಥ ಮಾತುಗಳಿಗೆ ಆಧಾರವಿಲ್ಲ. ಸಸ್ಯಜನ್ಯ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇರುವುದೇ ನಗಣ್ಯವಾದ್ದರಿಂದ 'ಕೊಲೆಸ್ಟರಾಲ್ ಮುಕ್ತ' ಎಂದು ಹೆಮ್ಮೆಯಿಂದ ಬರೆದುಕೊಳ್ಳುವುದೂ ಅರ್ಧ ಸತ್ಯವೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ ದಂಡವಿದೆ, ಮರುಕಳಿಸಿದರೆ ₹50 ಲಕ್ಷದವರೆಗೆ. ಇದಕ್ಕೆ ಪ್ರತಿಯಾಗಿ ಗಾಣದವರು ಬಾಯಿ ಬಿಡದ ಒಂದು ಸತ್ಯವಿದೆ: ಸರಿಯಾಗಿ ಒಣಗಿಸದೆ ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷಾಂಶ ಹುಟ್ಟುತ್ತದೆ, ಶುದ್ಧೀಕರಣದ ಕ್ರಿಯೆಯಲ್ಲಿ ಅದು ಬಹುಪಾಲು ಹೋಗುತ್ತದೆ, ಬರಿಯ ಬಟ್ಟೆಯಲ್ಲಿ ಸೋಸಿದ ಎಣ್ಣೆಯಲ್ಲಿ ಉಳಿಯಬಹುದು. ಆದ್ದರಿಂದ ಗಾಣದವರ ಅಸಲಿನಲ್ಲಿ ಬೀಜ ಆರಿಸುವ ಕೂಲಿ ಅಲಂಕಾರದ ಖರ್ಚಲ್ಲ. ಮುರುಟು, ಬೂಷ್ಟು ಬೀಜವನ್ನು ಎತ್ತಿ ಹಾಕುವವರು ಕೆ.ಜಿ.ಗೆ ಕೆಲವು ರೂಪಾಯಿ ಕಳೆದುಕೊಳ್ಳುತ್ತಾರೆ, ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಿ ಏಕೆಂದು ಹೇಳುವ ಹಕ್ಕು ಅವರಿಗಿದೆ. ಅಂಗಡಿಯ ಮುಂದಿನ ಹಲಗೆಯ ಮೇಲೆ ಆರೋಗ್ಯದ ಘೋಷಣೆಯ ಬದಲು ಇಂದಿನ ಬೀಜದ ದರ, ಬಂದ ಎಣ್ಣೆಯ ಪ್ರಮಾಣ, ಹಿಂಡಿಯ ದರ ಬರೆದರೆ ₹280 ಏಕೆ ಎಂಬುದು ಐದನೇ ತರಗತಿಯ ಮಗುವಿಗೂ ತಿಳಿದೀತು.

ಬೆಲೆ ಜಿಗಿದಾಗ ಈ ಹಲಗೆಗೆ ಹೆಚ್ಚು ಕೆಲಸ. 2025ರ ನಡುವಿನಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ ₹25,000 ದಾಟಿತು. ಅದರ ಬೆಂಬಲ ಬೆಲೆ ಇದ್ದದ್ದು ₹12,100. ಕೇರಳದಲ್ಲಿ ಕೊಬ್ಬರಿ ಎಣ್ಣೆ ಲೀಟರಿಗೆ ₹400 ಮೀರಿತು, ಕಲಬೆರಕೆ ಎಣ್ಣೆಯ ವಿರುದ್ಧ ದಾಳಿಗಳೂ ಅದೇ ಹೊತ್ತಿಗೆ ಹೆಚ್ಚಿದವು. ಇಂಥ ತಿಂಗಳುಗಳಲ್ಲಿ ಹಳೆಯ ಬೆಲೆಯಲ್ಲೇ ಮಾರುತ್ತೇನೆಂದು ಹಟ ಹಿಡಿಯುವವರು ಒಂದೋ ದಿವಾಳಿಯಾಗುತ್ತಾರೆ, ಇಲ್ಲವೇ ಬೆರೆಸುತ್ತಾರೆ. ಬೆಲೆ ಏರಿಸಿ, ಮಾರಾಟ ಅರ್ಧಕ್ಕಿಳಿದರೂ ತಾಳಿಕೊಳ್ಳುವಷ್ಟು ಕಡಿಮೆ ಸ್ಥಿರ ಖರ್ಚು ಇಟ್ಟುಕೊಂಡವರು ಉಳಿಯುತ್ತಾರೆ. ದೊಡ್ಡ ಸಾಲ ಮಾಡಿ ಮುಖ್ಯರಸ್ತೆಯಲ್ಲಿ ಗಾಜಿನ ಮಳಿಗೆ ತೆರೆದ ಗಾಣದವರಿಗೆ ಸಾಚಾ ಆಗಿ ಉಳಿಯುವ ಅವಕಾಶವೇ ಕಿರಿದಾಗುತ್ತದೆ. ಬ್ಯಾಂಕಿನ ಕಂತು ಕೊಬ್ಬರಿಯ ಬೆಲೆ ಕೇಳಿಕೊಂಡು ಬರುವುದಿಲ್ಲ.

ಕಾನೂನಿನ ಅಂಜಿಕೆ ಬೆರಕೆಯವರನ್ನು ತಡೆಯುತ್ತದೆಯೇ? ಕಾಗದದ ಮೇಲೆ ತಡೆಯಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಕಳಪೆ ಗುಣಮಟ್ಟದ ಆಹಾರಕ್ಕೆ ₹5 ಲಕ್ಷದವರೆಗೆ, ತಪ್ಪು ಹೆಸರಿನಲ್ಲಿ ಮಾರಿದ ಆಹಾರಕ್ಕೆ ₹3 ಲಕ್ಷದವರೆಗೆ ದಂಡವಿದೆ. ತಿಂಗಳಿಗೆ ₹42,000 ಹೆಚ್ಚುವರಿ ಗಳಿಸುವವರು ಎರಡು ವರ್ಷಕ್ಕೊಮ್ಮೆ ಸಿಕ್ಕಿಬಿದ್ದು ಗರಿಷ್ಠ ದಂಡ ಕಟ್ಟಿದರೂ ಅವರಿಗೆ ಐದು ಲಕ್ಷದ ಲಾಭವೇ ಉಳಿಯುತ್ತದೆ. ದಂಡದ ಮೊತ್ತ ಏರಿಸುವುದಕ್ಕಿಂತ ಮಾದರಿ ತೆಗೆಯುವ ಸಂಖ್ಯೆಯನ್ನು ಏರಿಸಿ, ಫಲಿತಾಂಶವನ್ನು ಅಂಗಡಿಯ ಹೆಸರಿನೊಂದಿಗೆ ಬೇಗ ಪ್ರಕಟಿಸಿದರೆ ಸಾಚಾ ಅಂಗಡಿಗಳಿಗೆ ಹೆಚ್ಚು ಉಪಯೋಗ. ಅಲ್ಲಿಯವರೆಗೆ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಅವಕಾಶ ಅದೇ ಕಾಯ್ದೆಯ 40ನೇ ಕಲಮಿನಲ್ಲಿದೆ. ಕೊಂಡ ಆಹಾರವನ್ನು ಯಾವ ಗ್ರಾಹಕರು ಬೇಕಾದರೂ ಶುಲ್ಕ ಕಟ್ಟಿ, ಮಾರಿದವರಿಗೆ ತಿಳಿಸಿ, ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸ್. ಒಬ್ಬರೇ ಹೋಗುವುದು ಕಷ್ಟವಾದರೂ ಒಂದು ಬಡಾವಣೆಯ ನಿವಾಸಿಗಳ ಸಂಘಕ್ಕೆ ಇದು ದೊಡ್ಡ ಕೆಲಸವಲ್ಲ.

ಅಂಗಡಿಯವರು ತಾವೇ ಮುಂದಾಗಿ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ತಿಂಗಳಿಗೊಮ್ಮೆ ಕೊಬ್ಬಿನಾಮ್ಲ ಪರೀಕ್ಷೆ ಮಾಡಿಸಿ, ವರದಿಯನ್ನು ಗಾಣದ ಬಳಿ ತೂಗುಹಾಕಲೂಬಹುದು. ವರ್ಷದ ಹಿಂದಿನ ಒಂದೇ ವರದಿಗೆ ಚೌಕಟ್ಟು ಹಾಕಿಸಿಟ್ಟರೆ ಅದು ಗೋಡೆಯ ಅಲಂಕಾರ. ವರದಿ ಯಾವ ತಿಂಗಳ, ಯಾವ ಬ್ಯಾಚಿನದು ಎಂಬುದು ಬಾಟಲಿಯ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು, ಮಾದರಿಯನ್ನು ಮಾರಾಟಕ್ಕಿಟ್ಟ ಬಾಟಲಿಗಳಿಂದಲೇ, ಸಾಧ್ಯವಾದರೆ ಗಿರಾಕಿಯೊಬ್ಬರ ಕೈಯಿಂದಲೇ, ಆರಿಸಬೇಕು. ಇದಕ್ಕೆ ₹3,000 ತಗಲುತ್ತದೆ ಎಂದುಕೊಂಡರೂ 1,830 ಲೀಟರಿನ ಮೇಲೆ ಹಂಚಿದಾಗ ಲೀಟರಿಗೆ ಬೀಳುವುದು ಒಂದೂಮುಕ್ಕಾಲು ರೂಪಾಯಿಗಿಂತ ಕಡಿಮೆ. ಹಿಂಡಿಯ ದರ ಕೆ.ಜಿ.ಗೆ ಎರಡು ರೂಪಾಯಿ ಇಳಿದರೆ ಆಗುವ ನಷ್ಟ ಇದಕ್ಕಿಂತ ಹೆಚ್ಚು.